ಬೋರ್ಡಣ್ಣನ ಓಡುವ ಅಕ್ಷರ

ಇದೆಲ್ಲ ಯಾರ ತಪ್ಪು ಎಂದು ಕೇಳಿದರೆ ಬೋರ್ಡಣ್ಣ ಇವತ್ತಿಗೂ ಒಂದು ತೂಗುಗುಂಡಿನ ಕಡೆಗೆ ಬೆರಳು ತೋರಿಸುತ್ತಾನೆ. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಸಣ್ಣ ಹಿತ್ತಾಳೆ ಗುಂಡು, ಅದಕ್ಕೊಂದು ದಾರ. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ಗಾರೆ ಕೆಲಸದವರು ಇಳಿಬಿಡುತ್ತಾರಲ್ಲ, ಅದೇ. ಅಷ್ಟು ಸಣ್ಣ ವಸ್ತು ಒಂದೇ ಹಗಲಿನಲ್ಲಿ ಒಬ್ಬ ಮರ್ಯಾದಸ್ಥನ ಏಳು ತಿಂಗಳ ಶ್ರಮವನ್ನು ಮಣ್ಣುಪಾಲು ಮಾಡಬಹುದು ಎಂದು ಯಾರಿಗೆ ಗೊತ್ತಿತ್ತು!

ಬೋರ್ಡಣ್ಣನ ಕಸುಬು ಬೋರ್ಡು ಬರೆಯುವುದು. ಇಪ್ಪತ್ತೆರಡು ವರ್ಷದಿಂದ ಆ ಊರಿನ ಬೋರ್ಡುಗಳನ್ನೆಲ್ಲ ಅವನೇ ಬರೆದಿದ್ದಾನೆ. ‘ಇಲ್ಲಿ ವಾಹನ ನಿಲ್ಲಿಸಬಾರದು.’ ‘ಹಲ್ಲಿನ ವೈದ್ಯರು ಮೇಲಿನ ಮಹಡಿಯಲ್ಲಿದ್ದಾರೆ.’ ‘ಗೋಡೆಗೆ ಒರಗಬೇಡಿ, ಬಣ್ಣ ಹಸಿ ಇದೆ.’ ಎಲ್ಲವೂ ನೆಟ್ಟಗೆ ನಿಂತ ಅಕ್ಷರ. ಬರೆಸಿದವರು ಕೇಳುತ್ತಿದ್ದುದೂ ಒಂದೇ ಮಾತು: ‘ಸೊಟ್ಟಗಾಗದ ಹಾಗೆ ಬರಿಯಪ್ಪ.’ ಬರೆದ. ಬರೆದೂ ಬರೆದೂ ಅವನಿಗೆ ಸಾಕಾಗಿ ಹೋಗಿತ್ತು.

ಅವನ ಮನಸ್ಸಿನಲ್ಲಿ ಇದ್ದದ್ದೇ ಬೇರೆ. ದಪ್ಪ ಅಕ್ಷರ, ಎದೆ ಮುಂದೆ ಮಾಡಿ ಬಲಕ್ಕೆ ಬಾಗಿದ ಅಕ್ಷರ, ಒಂದೊಂದರ ತಲೆಗೂ ಕಾಲಿಗೂ ಚಪ್ಪಡಿ ಕಲ್ಲಿನಂಥ ಅಗಲವಾದ ತುದಿ. ನೋಡಿದವರಿಗೆ ಅದು ಓಟದ ಗೆರೆಯ ಮೇಲೆ ಸೀಟಿಗೆ ಕಾಯುತ್ತಿದೆ ಅನ್ನಿಸಬೇಕು. ಇಂಥ ಅಕ್ಷರವನ್ನು ಹಲ್ಲಿನ ವೈದ್ಯರ ಬೋರ್ಡಿಗೆ ಹಾಕಿದರೆ ರೋಗಿಗಳೇ ಓಡಿಹೋದಾರು ಎಂದು ಇಷ್ಟು ವರ್ಷ ಸುಮ್ಮನಿದ್ದ. ಊರಿನ ಆಟದ ಮೈದಾನಕ್ಕೆ ಹೊಸ ಗ್ಯಾಲರಿ ಕಟ್ಟಿಸಿ, ಅದರ ಗೋಡೆಗೆ ಇಪ್ಪತ್ತಡಿ ಉದ್ದದ ಬೋರ್ಡು ಬೇಕು ಎಂದು ಸಂಘದವರು ಕರೆದಾಗ ಬೋರ್ಡಣ್ಣನಿಗೆ ಸ್ವರ್ಗಕ್ಕೆ ಮೂರೇ ಗೇಣು. ಏಳು ತಿಂಗಳು ಊಟದ ಮೇಜಿನ ತುಂಬ ಕಾಗದ ಹರಡಿಕೊಂಡು ಗೀಚಿದ, ಅಳಿಸಿದ, ಮತ್ತೆ ಗೀಚಿದ. ಅಷ್ಟೂ ದಿನ ಅವನ ಹೆಂಡತಿ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಉಂಡಳು.

ಆಸೆಗೆ ಇನ್ನೊಂದು ಕಾರಣವೂ ಇತ್ತು. ಗ್ಯಾಲರಿ ಉದ್ಘಾಟನೆಗೆ ಬರುವ ಮೇಡಂ ಒಂದು ಕಾಲಕ್ಕೆ ಹೆಸರಾಂತ ಓಟಗಾರ್ತಿ. ಈಗ ಸುತ್ತಲಿನ ಹನ್ನೆರಡು ಮೈದಾನಗಳು ಅವರ ಕೈಕೆಳಗೆ. ಎಲ್ಲ ಮೈದಾನಗಳಿಗೂ ಒಂದೇ ಬಗೆಯ ಬೋರ್ಡು ಹಾಕಿಸಬೇಕೆಂದು ಅವರು ಹುಡುಕುತ್ತಿದ್ದಾರೆ ಎಂಬ ಸುದ್ದಿ ಬೋರ್ಡಣ್ಣನ ಕಿವಿಗೂ ಬಿದ್ದಿತ್ತು. ಅವರು ಒಮ್ಮೆ ಕಣ್ಣೆತ್ತಿ ನೋಡಿ ‘ಯಾರದ್ದು ಈ ಅಕ್ಷರ?’ ಎಂದು ಕೇಳಬೇಕು, ತಾನು ಮುಂದೆ ಬಂದು ‘ನಂದು’ ಅನ್ನಬೇಕು. ಅವನು ಬಯಸಿದ್ದು ಇಷ್ಟೇ. ಇದೇನು ಅತಿಯಾಸೆಯೇ? ನೀವೇ ಹೇಳಿ.

ಬೋರ್ಡು ಅಂದರೆ ಅದಕ್ಕೆ ಹಲಗೆ ಇರಲಿಲ್ಲ. ತಗಡಿನಲ್ಲಿ ಕತ್ತರಿಸಿದ ಆಳೆತ್ತರದ ಕೆಂಪು ಅಕ್ಷರಗಳು, ಅವುಗಳ ಬೆನ್ನಿಗೆ ಎರಡು ಉದ್ದನೆಯ ಪೈಪು. ಅದನ್ನು ಗೋಡೆಗೆ ಏರಿಸುವುದು ವೆಲ್ಡರನ ಕೆಲಸ. ಹದಿನೈದು ವರ್ಷದಿಂದ ಬೋರ್ಡಣ್ಣನ ಬೋರ್ಡುಗಳನ್ನೆಲ್ಲ ಏರಿಸಿದವನು ಅವನೇ. ನಂಬಿಕಸ್ಥ. ಹಾಗಾಗಿ ಏರಿಸುವ ದಿನ ಬೋರ್ಡಣ್ಣ ಹತ್ತಿರವೂ ಸುಳಿಯಲಿಲ್ಲ. ಉದ್ಘಾಟನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ, ಒಂದು ಸಲ ಕಣ್ತುಂಬ ನೋಡಿಕೊಂಡು ಬರೋಣ ಎಂದು ಹೆಂಡತಿಯ ತಮ್ಮನನ್ನೂ ಜತೆಗೆ ಕರೆದುಕೊಂಡು ಮೈದಾನಕ್ಕೆ ಹೋದ.

ಹೋಗಿ ತಲೆಯೆತ್ತಿ ನೋಡಿದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

ಬೋರ್ಡಿನ ಎಡತುದಿ ಇರಬೇಕಾದ ಕಡೆಯೇ ಇತ್ತು. ಬಲತುದಿ ಮಾತ್ರ ಐದಡಿ ಮೇಲಕ್ಕೆ ಹೋಗಿ ಸೂರಿಗೆ ಮುತ್ತಿಡುತ್ತಿತ್ತು. ಇಪ್ಪತ್ತಡಿಯ ಬೋರ್ಡು ಗೋಡೆಯ ಮೇಲೆ ಬೆಟ್ಟ ಹತ್ತುತ್ತಿತ್ತು. ಅವನು ಏಳು ತಿಂಗಳು ಕೂತು ಮುಂದಕ್ಕೆ ಬಾಗಿಸಿದ್ದ ಅಕ್ಷರಗಳೋ, ಒಂದೊಂದೂ ಕಂಬದ ಹಾಗೆ ನೆಟ್ಟಗೆ ನಿಂತಿದ್ದವು.

“ಅಯ್ಯೋ ನನ್ನ ಮನೆ ಹಾಳಾಯ್ತು!” ಎಂದ ಬೋರ್ಡಣ್ಣ.

“ಭಾವ, ಇದು ಹೀಗೇನಾ ಇರಬೇಕಾದ್ದು?” ಎಂದು ಭಾವಮೈದುನ ತಲೆಯನ್ನು ಒಂದು ಕಡೆ ವಾಲಿಸಿ ಕೇಳಿದ. ಅವನಿಗೆ ಯಾವುದನ್ನೂ ಸುಮ್ಮನೆ ನೋಡಿ ಗೊತ್ತಿಲ್ಲ, ಒಂದು ಪ್ರಶ್ನೆ, ಅದರ ಹಿಂದೆ ಒಂದು ಸಲಹೆ.

“ಹೀಗಿರಬೇಕಾ? ನಿನ್ನ ಕಣ್ಣು ಎಲ್ಲಿಟ್ಟಿದ್ದೀಯೋ! ಏಳು ತಿಂಗಳು ಕಣೋ, ಏಳು ತಿಂಗಳು!”

ಅಷ್ಟರಲ್ಲಿ ಸಂಘದ ಅಧ್ಯಕ್ಷರು ಗ್ಯಾಲರಿಯ ಮೆಟ್ಟಿಲಿಳಿದು ಬಂದರು. ಅವರನ್ನು ಎಲ್ಲರೂ ಕರೆಯುವುದು ಮೇಷ್ಟ್ರು ಎಂದೇ. ಮೂವತ್ತು ವರ್ಷ ಮಕ್ಕಳಿಗೆ ದುಂಡಗೆ ಬರೆಯುವುದನ್ನು ಕಲಿಸಿ ನಿವೃತ್ತರಾದವರು. ಸಂಘದ ಸಭೆಯಲ್ಲಿ ಬೋರ್ಡಣ್ಣನ ಓರೆ ಅಕ್ಷರವನ್ನು ಮೂರು ಸಲ ವಿರೋಧಿಸಿ ಮೂರು ಸಲವೂ ಸೋತಿದ್ದರು. ಇವತ್ತು ಅವರ ಮುಖ ಹೂವಿನಂತೆ ಅರಳಿತ್ತು.

“ಶಭಾಷ್ ಬೋರ್ಡಪ್ಪ! ಕೊನೆಗೂ ನನ್ನ ಮಾತು ಕೇಳಿದೆ ನೋಡು. ಅಕ್ಷರ ಎಷ್ಟು ನೆಟ್ಟಗೆ ನಿಂತಿವೆ!”

“ಮೇಷ್ಟ್ರೇ, ಅಕ್ಷರ ನೆಟ್ಟಗಿದ್ರೆ ಸಾಕಾ? ಬೋರ್ಡು ಸೊಟ್ಟಗಿದೆಯಲ್ಲ!”

“ಬೋರ್ಡು ಯಾರು ನೋಡ್ತಾರಪ್ಪ? ಓದೋದು ಅಕ್ಷರಾನ ತಾನೆ? ನನ್ನ ತರಗತಿಯಲ್ಲಿ ಎಷ್ಟೋ ಮಕ್ಕಳು ಪುಸ್ತಕಾನ ಓರೆಯಾಗಿ ಇಟ್ಕೊಂಡು ಬರೀತಿದ್ರು. ಬರೆದದ್ದು ನೆಟ್ಟಗಿದ್ರೆ ನಾನು ಯಾವತ್ತೂ ಬೈತಿರಲಿಲ್ಲ.”

ಬೋರ್ಡಣ್ಣನ ಮೈ ಉರಿದು ಹೋಯಿತು. ವೆಲ್ಡರನಿಗೆ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಆರನೇ ಸಲ ಫೋನೇ ಆರಿಹೋಯಿತು.

“ಭಾವ, ಸಂಜೆ ಮೇಡಂ ಬಂದು ಇದನ್ನ ನೋಡಿದ್ರೆ ನಿಮ್ಮ ಕೆಲಸವೇ ಇಷ್ಟು ಅಂದ್ಕೊಳ್ತಾರೆ,” ಎಂದ ಭಾವಮೈದುನ. “ಹನ್ನೆರಡು ಮೈದಾನ ಹಾಗಿರಲಿ, ಮುಂದೆ ಒಂದು ಬಾಗಿಲ ನಂಬರ್ ಬರೆಯೋಕೂ ಯಾರೂ ಕರೆಯಲ್ಲ. ಮೊದಲು ನೀವು ಕೈ ತೊಳ್ಕೊಳ್ಳಿ. ಒಂದು ಫೋಟೋ ತೆಗೆದು ಅವರ ಆಫೀಸಿಗೆ ಕಳಿಸಿಬಿಡೋಣ. ಕರೆಯೋಲೆ ಮೇಲೆ ನಂಬರ್ ಇದೆ.”

ಭಾವಮೈದುನನ ಸಲಹೆಯೊಂದು ಬೋರ್ಡಣ್ಣನಿಗೆ ಸರಿಯೆನಿಸಿದ್ದು ಮದುವೆಯಾದ ಮೇಲೆ ಅದೇ ಮೊದಲು. ಹುಡುಗ ತನ್ನ ಫೋನಿನಲ್ಲಿ ಫೋಟೋ ತೆಗೆದ. ಬೋರ್ಡಣ್ಣ ಕೈ ಹಿಂದೆ ಕಟ್ಟಿಕೊಂಡು, ಅತ್ತಿಂದಿತ್ತ ಓಡಾಡುತ್ತ, ಒಂದೊಂದೇ ಮಾತು ಹೇಳಿ ಬರೆಸಿದ:

“ಮಾನ್ಯರೇ, ಗೋಡೆಯ ಮೇಲೆ ಕಾಣುತ್ತಿರುವ ಈ ಬೋರ್ಡಿಗೂ ನನಗೂ ಯಾವ ಸಂಬಂಧವೂ ಇಲ್ಲ. ಇದು ಪೂರ್ತಿಯಾಗಿ ವೆಲ್ಡರ್ ಒಬ್ಬನದೇ ತಲೆಯಿಂದ ಬಂದದ್ದು. ದಯಮಾಡಿ ನನ್ನ ಹೆಸರನ್ನು ಇದರ ಜತೆ ಎಲ್ಲಿಯೂ ಸೇರಿಸಕೂಡದು. ಇಂತಿ, ಬೋರ್ಡು ಬರೆಯುವವನು.”

“‘ಸೇರಿಸಕೂಡದು’ ಸ್ವಲ್ಪ ಖಾರ ಆಯ್ತೇನೋ ಭಾವ?”

“ಇರಲಿ ಖಾರ! ಕಳಿಸು.”

ಫೋನು ಕುಂಯ್ ಅಂತು. ಹೋಯಿತು. ಎದೆಯ ಮೇಲಿನ ಕಲ್ಲು ಅರ್ಧ ಇಳಿದಂತಾಗಿ ಬೋರ್ಡಣ್ಣ ವೆಲ್ಡರನನ್ನು ಹುಡುಕಿಕೊಂಡು ಹೊರಟ.

ವೆಲ್ಡರ್ ಅಂಗಡಿಯಲ್ಲಿರಲಿಲ್ಲ, ಮನೆಯಲ್ಲಿರಲಿಲ್ಲ. ಹನ್ನೊಂದೂವರೆಗೆ ಕ್ಷೌರದ ಅಂಗಡಿಯಲ್ಲಿ ಸಿಕ್ಕಿದ. ಸಂಜೆಯ ಸಮಾರಂಭಕ್ಕೆಂದು ಮುಖಕ್ಕೆಲ್ಲ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿ ಒರಗಿದ್ದ.

“ಏನಯ್ಯಾ, ನನ್ನ ಹೊಟ್ಟೆ ಮೇಲೆ ಹೊಡೆದು ಇಲ್ಲಿ ಬಂದು ಗಡ್ಡ ಹೆರೆಸ್ಕೊಳ್ತಾ ಇದ್ದೀಯಾ!”

ವೆಲ್ಡರ್ ಒಂದು ಕಣ್ಣು ಬಿಟ್ಟ. “ಯಾಕಣ್ಣ, ಏನಾಯ್ತು?”

“ಏನಾಯ್ತಾ? ಬೋರ್ಡು ಹಾಗೆ ಸೂರಿಗೆ ಏಣಿ ಹಾಕಿದೆಯಲ್ಲಾ, ಕಣ್ಣು ಕಾಣಿಸ್ತಿರಲಿಲ್ವಾ?”

ವೆಲ್ಡರನಿಗೆ ನಿಜವಾಗಿಯೂ ನೋವಾಯಿತು. ನೊರೆ ಹಚ್ಚಿದ ಮುಖದಲ್ಲೇ ಎದ್ದು ಕೂತ. “ಅಣ್ಣ, ಬಾಯಿಗೆ ಬಂದ ಹಾಗೆ ಮಾತಾಡಬೇಡಿ. ನೀವೇ ಹೇಳಿಕೊಟ್ಟ ಹಾಗೆ ಮಾಡಿದ್ದೀನಿ. ಹದಿನೈದು ವರ್ಷದ ಹಿಂದೆ ಆ ಔಷಧದ ಅಂಗಡಿ ಹಲಗೆ ಸೊಟ್ಟಗಿತ್ತಲ್ಲ, ಆವತ್ತು ಏನಂದ್ರಿ? ‘ಅಂಚು ನೋಡಬೇಡ, ಅಂಚು ಮೋಸ ಮಾಡುತ್ತೆ. ಅಕ್ಷರದ ಬೆನ್ನಿಗೆ ಗುಂಡು ಬಿಡು, ಅದು ನೆಟ್ಟಗಿದ್ರೆ ಬೋರ್ಡು ನೆಟ್ಟಗಿದೆ ಅಂತ ಲೆಕ್ಕ.’ ಅಂದ್ರೋ ಇಲ್ವೋ?”

ಬೋರ್ಡಣ್ಣ ಅಂದಿದ್ದ. ಅಂದದ್ದು ನೆನಪಿತ್ತು. ಹಾಗಂತ ಒಪ್ಪಿಕೊಳ್ಳಲು ಅದು ಸಮಯವಲ್ಲ.

“ಅದು ನೆಟ್ಟಗಿರೋ ಅಕ್ಷರಕ್ಕೆ ಕಣಯ್ಯಾ! ಇದು ಓರೆ ಅಕ್ಷರ!”

“ಓರೆ ಇದೆ ಅಂತ ತಾನೆ ಗುಂಡು ಬಿಟ್ಟಿದ್ದು! ನೆಟ್ಟಗಿದ್ರೆ ಯಾಕೆ ಬಿಡ್ತಿದ್ದೆ? ಒಂದು ಅಕ್ಷರಕ್ಕಲ್ಲ ಅಣ್ಣ, ಎಲ್ಲ ಅಕ್ಷರಕ್ಕೂ ಬಿಟ್ಟು ನೋಡಿದ್ದೀನಿ. ಕೂದಲೆಳೆಯಷ್ಟು ಆಚೆ ಈಚೆ ಇಲ್ಲ. ಅರ್ಧ ದಿನ ಬೇಕಾಯ್ತು.”

“ಬಲಗಡೆ ಐದಡಿ ಮೇಲೆ ಹೋದಾಗ ನಿನಗೆ ಏನೂ ಅನ್ನಿಸಲಿಲ್ವಾ?”

“ಅನ್ನಿಸ್ತು. ಪಕ್ಕದಲ್ಲಿ ಮೆಟ್ಟಿಲು ಮೇಲಕ್ಕೆ ಹೋಗುತ್ತಲ್ಲ, ಅದರ ಜತೆ ಇದೂ ಹೋಗ್ಲಿ ಅಂತ ಮಾಡಿದ್ದೀರಿ ಅಂದ್ಕೊಂಡೆ. ಏಳು ತಿಂಗಳು ಯೋಚನೆ ಮಾಡಿರೋರು ನೀವು. ನಾನ್ಯಾರು ಕೇಳೋಕೆ?”

ಕ್ಷೌರದವನು ಕತ್ತಿ ಕೈಯಲ್ಲಿ ಹಿಡಿದುಕೊಂಡೇ, “ಒಂದು ರೀತೀಲಿ ಅವನು ಹೇಳೋದೂ ಸರಿ ಅಲ್ವಾ?” ಎಂದ. ಬೋರ್ಡಣ್ಣ ಅವನನ್ನು ಸುಟ್ಟುಬಿಡುವಂತೆ ನೋಡಿ, ಅರ್ಧ ಗಡ್ಡ ಹೋಗಿ ಅರ್ಧ ಉಳಿದಿದ್ದ ವೆಲ್ಡರನ ರಟ್ಟೆ ಹಿಡಿದು ಎಳೆದುಕೊಂಡು ಹೋದ.

ಮೈದಾನ ಮುಟ್ಟುವಷ್ಟರಲ್ಲಿ ಸುದ್ದಿ ಹಬ್ಬಿತ್ತು. ಆಟಗಾರರು, ಗಾಳಿ ಸೇವನೆಗೆ ಬಂದವರು, ಕುರ್ಚಿ ಜೋಡಿಸಲು ಬಂದವರು ಎಲ್ಲರೂ ಗೋಡೆಯ ಮುಂದೆ ಗುಂಪುಗೂಡಿದ್ದರು. ಯಾರಿಗೂ ಬೋರ್ಡಿನ ಗಂಧಗಾಳಿ ಇಲ್ಲ, ಆದರೆ ಅಭಿಪ್ರಾಯ ಇಲ್ಲದವನು ಒಬ್ಬನೂ ಇರಲಿಲ್ಲ.

ವೆಲ್ಡರ್ ಬಲತುದಿಗೆ ಹಗ್ಗ ಕಟ್ಟಿ, ಅದನ್ನು ಸೂರಿನ ತೊಲೆಯ ಮೇಲಿಂದ ಹಾಯಿಸಿ, ಇನ್ನೊಂದು ಕೊನೆಯನ್ನು ಭಾವಮೈದುನನ ಕೈಗೆ ಕೊಟ್ಟ. “ಗಟ್ಟಿಯಾಗಿ ಹಿಡ್ಕೋ. ನಾನು ಬೆಸುಗೆ ಬಿಡಿಸಿದ ಮೇಲೆ ನಿಧಾನಕ್ಕೆ ಇಳಿಸು,” ಎಂದು ಏಣಿ ಹತ್ತಿದ. ಬಲಗಡೆಯ ಎರಡು ಕೊಂಡಿ ಕತ್ತರಿಸಿದ. ಬೋರ್ಡು ನಿಧಾನವಾಗಿ ಇಳಿಯತೊಡಗಿತು. ಒಂದಡಿ, ಎರಡಡಿ, ಮೂರಡಿ. ಬೋರ್ಡಣ್ಣ ಏಣಿಯ ಬುಡಕ್ಕೆ ಬಂದು ನಿಂತ. ಅಕ್ಷರಗಳು ಒಂದೊಂದಾಗಿ ಮುಂದಕ್ಕೆ ಬಾಗುತ್ತಿದ್ದವು. ಅವನ ಅಕ್ಷರಗಳು!

ಆಗಲೇ ಭಾವಮೈದುನನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಯಾರೆಂದು ನೋಡೋಣ ಎಂದು ಅವನು ಒಂದು ಕೈ ಬಿಟ್ಟ.

ಹಗ್ಗ ಸರ್ರನೆ ಜಾರಿತು. ಬಲತುದಿ ಸಮಕ್ಕೆ ಬಂದು, ಅಲ್ಲಿ ನಿಲ್ಲದೆ ಇನ್ನೂ ಐದಡಿ ಕೆಳಗಿಳಿದು, ಧಡಾರ್ ಎಂದು ಮೆಟ್ಟಿಲಿನ ಕಟಾಂಜನಕ್ಕೆ ಬಡಿದು ನಿಂತಿತು. ಈಗ ಬೋರ್ಡು ಬೆಟ್ಟ ಇಳಿಯುತ್ತಿತ್ತು. ಮೊದಲೇ ಬಾಗಿದ್ದ ಅಕ್ಷರಗಳು ಎರಡರಷ್ಟು ಬಾಗಿ ಮುಗ್ಗರಿಸಿ ಬೀಳುವಂತಾಗಿದ್ದವು.

“ಪಾಪ, ಯಾರೋ ಹಿಂದಿನಿಂದ ತಳ್ಳಿದ ಹಾಗಿದೆ,” ಎಂದರು ಗಾಳಿ ಸೇವನೆಗೆ ಬಂದ ಹೆಂಗಸೊಬ್ಬರು.

“ನಾನು ಮೊದಲೇ ಹೇಳಲಿಲ್ವಾ?” ಎಂದರು ಮೇಷ್ಟ್ರು. “ಅಕ್ಷರ ಒಂದು ಸಲ ಬಾಗೋಕೆ ಶುರು ಮಾಡಿದ್ರೆ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಹೇಳೋಕಾಗಲ್ಲ.”

“ಆಫೀಸಿನಿಂದ ಫೋನು ಭಾವ, ಎತ್ತೋಷ್ಟರಲ್ಲಿ ಕಟ್ಟಾಯ್ತು,” ಎಂದ ಭಾವಮೈದುನ. ಬೋರ್ಡಣ್ಣನಿಗೆ ಅದು ಕೇಳಿಸಲೇ ಇಲ್ಲ. ಅವನು ಅಂಗಿಯ ತೋಳು ಮಡಚಿ ತಾನೇ ಏಣಿ ಹತ್ತುತ್ತಿದ್ದ.

ಮುಂದಿನ ಮೂರು ಗಂಟೆ ಅವನು ಪಟ್ಟ ಪಾಡು ಶತ್ರುವಿಗೂ ಬೇಡ. ಎತ್ತಿದರೆ ಹೆಚ್ಚಾಯಿತು, ಇಳಿಸಿದರೆ ಕಡಿಮೆಯಾಯಿತು. ಕೆಳಗಿನಿಂದ ಒಬ್ಬ “ಇನ್ನೂ ಮೇಲೆ” ಅಂದರೆ ಇನ್ನೊಬ್ಬ “ಸಾಕು, ಸಾಕು” ಅಂದ. ಕುರ್ಚಿಯವನು “ಎಡಗಡೇನೂ ಬಿಚ್ಚಿಬಿಡಿ” ಎಂದ. ಗೋಲು ಕಾಯುವವನು ಬೋರ್ಡನ್ನೇ ತಲೆಕೆಳಗು ಮಾಡಿದರೆ ಹೇಗೆ ಎಂದು ಕೇಳಿ ಬೈಸಿಕೊಂಡ. ಬೋರ್ಡಣ್ಣನ ಪ್ಯಾಂಟು ಪೈಪಿನ ಕೊನೆಗೆ ಸಿಕ್ಕಿ ಮೊಣಕಾಲಿನವರೆಗೂ ಹರಿಯಿತು. ಮುಖಕ್ಕೆ ಮಸಿ ಮೆತ್ತಿತು. ಊಟದ ಹೊತ್ತು ಮೀರಿತು. ಅವನು ಯಾರ ಮಾತಿಗೂ ಕಿವಿಗೊಡದೆ, ಎರಡು ಪೈಪಿನ ಮೇಲೂ ರಸಮಟ್ಟವಿಟ್ಟು, ಗಾಜಿನೊಳಗಿನ ಗುಳ್ಳೆ ಸರಿಯಾಗಿ ನಡುಮಧ್ಯಕ್ಕೆ ಬರುವವರೆಗೂ ವೆಲ್ಡರನನ್ನು ಬಿಡಲಿಲ್ಲ.

ಮೂರೂಮುಕ್ಕಾಲಿಗೆ ಕೊನೆಯ ಬೆಸುಗೆ ಬಿತ್ತು. ಏಣಿಯ ಮೇಲಿನಿಂದಲೇ ಬೋರ್ಡಣ್ಣ ಹಿಂದಕ್ಕೆ ವಾಲಿ ನೋಡಿದ. ಇಪ್ಪತ್ತಡಿಯ ಬೋರ್ಡು ಕೆರೆಯ ನೀರಿನಷ್ಟು ಸಮವಾಗಿತ್ತು. ಅದರ ಮೇಲೆ ಅವನ ದಪ್ಪ ಕೆಂಪು ಅಕ್ಷರಗಳು ಚಪ್ಪಡಿ ಕಾಲನ್ನು ಊರಿ, ಎದೆ ಮುಂದೆ ಮಾಡಿ, ಇನ್ನೇನು ಓಡಿಬಿಡುತ್ತವೆ ಎಂಬಂತೆ ಬಾಗಿದ್ದವು. ಅವನ ಕಣ್ಣು ತುಂಬಿತು. ಇಡೀ ಊರೇ ಎದುರು ನಿಂತರೂ ತಾನು ಗೆದ್ದೆ ಅನ್ನಿಸಿತು.

ಕಾರು ಬಂತು. ಓಟಗಾರ್ತಿ ಮೇಡಂ ಇಳಿದರು. ಎತ್ತರದ ಆಳು, ಬಿಳಿ ಕೂದಲು, ಈಗಲೂ ಉದ್ದುದ್ದ ಹೆಜ್ಜೆ. ಮೇಷ್ಟ್ರು ಕೊಟ್ಟ ಹೂಗುಚ್ಛವನ್ನು ತೆಗೆದುಕೊಳ್ಳುತ್ತಲೇ ತಲೆಯೆತ್ತಿ ಗೋಡೆ ನೋಡಿದರು. ಅವರ ಹೆಜ್ಜೆ ನಿಂತೇಹೋಯಿತು.

ಏಣಿಯ ಮೇಲಿದ್ದ ಬೋರ್ಡಣ್ಣ ಕೂದಲು ನೀವಿಕೊಂಡ. ಈಗ ಕೇಳುತ್ತಾರೆ. ‘ಯಾರದ್ದು ಈ ಅಕ್ಷರ?’ ಎಂದು ಈಗಲೇ ಕೇಳುತ್ತಾರೆ.

“ಇದೇನಿದು?” ಎಂದರು ಮೇಡಂ. “ಬೋರ್ಡು ಯಾಕೆ ಹೀಗೆ ಮಲಗಿಬಿಟ್ಟಿದೆ? ಯಾರು ಹಾಳು ಮಾಡಿದ್ದು?”

ಗುಂಪಿನಲ್ಲಿದ್ದವರು ಒಬ್ಬರ ಹಿಂದೊಬ್ಬರು ಸರಿದು ನಿಂತರು.

“ಬೆಳಿಗ್ಗೆ ನಮ್ಮ ಆಫೀಸಿಗೆ ಫೋಟೋ ಬಂದಿತ್ತಲ್ಲ!” ಮೇಡಂ ಫೋನು ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಪರದೆಯ ಮೇಲೆ ಕೆಂಪು ಬೋರ್ಡು ಸೂರಿನತ್ತ ಬೆಟ್ಟ ಹತ್ತುತ್ತಿತ್ತು. “ಹತ್ತು ವರ್ಷ ಓಡಿದವಳು ನಾನು. ಕಡೇ ಸುತ್ತಿನಲ್ಲಿ ನೆಲ ಹೇಗೆ ಎದುರಿಗೆ ಏರಿ ಬರುತ್ತೆ ಅಂತ ಓಡಿದವರಿಗೆ ಮಾತ್ರ ಗೊತ್ತು. ಅದನ್ನ ಬೋರ್ಡಿನಲ್ಲಿ ತೋರಿಸಿದ್ದು ಇದೇ ಮೊದಲು. ನೋಡಿದ ತಕ್ಷಣ ಹನ್ನೆರಡು ಮೈದಾನಕ್ಕೂ ಇದೇ ಬೋರ್ಡು ಅಂತ ಸಹಿ ಹಾಕಿ ಬಂದಿದ್ದೀನಿ. ಎಲ್ಲಿ ಆ ಕಲಾವಿದರು? ವೆಲ್ಡರ್ ಎಲ್ಲಿ?”

ಗುಂಪು ವೆಲ್ಡರನನ್ನು ಮುಂದಕ್ಕೆ ದಬ್ಬಿತು. ಅರ್ಧ ಗಡ್ಡದಲ್ಲಿ ನಿಂತ ಅವನು ಗಲ್ಲ ಮುಚ್ಚಿಕೊಂಡ. “ಮೇಡಂ... ಅದು... ಅಕ್ಷರ ಎಲ್ಲ ಅಣ್ಣಂದೇ...” ಎಂದು ಏಣಿಯತ್ತ ಕೈ ಮಾಡಿದ. ಪಾಪ, ಒಳ್ಳೆಯ ಮನುಷ್ಯ.

“ಇಷ್ಟು ದೊಡ್ಡ ಕೆಲಸ ಮಾಡಿ ಎಷ್ಟು ವಿನಯ ನೋಡಿ,” ಎಂದರು ಮೇಡಂ.

“ಮೇಡಂ!” ಬೋರ್ಡಣ್ಣ ಏಣಿಯ ಮೇಲಿನಿಂದಲೇ ಕೂಗಿದ. “ಆ ಅಕ್ಷರ ನಂದು! ಏಳು ತಿಂಗಳು ಕೂತು ಬರೆದದ್ದು ನಾನು!”

ಮೇಡಂ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹರಿದ ಪ್ಯಾಂಟು, ಮಸಿ ಮುಖ, ಕೈಯಲ್ಲಿ ರಸಮಟ್ಟ. “ಬೋರ್ಡು ಬರೆಯೋರು ನೀವೇನಾ? ನೀವೇ ಅಲ್ವಾ ಈ ಫೋಟೋ ಜತೆ ಬರೆದು ಕಳಿಸಿದ್ದು?” ಎಂದು ಕನ್ನಡಕ ಏರಿಸಿ, ಇಡೀ ಮೈದಾನಕ್ಕೆ ಕೇಳುವಂತೆ ಓದಿದರು. “‘ಈ ಬೋರ್ಡಿಗೂ ನನಗೂ ಯಾವ ಸಂಬಂಧವೂ ಇಲ್ಲ. ಇದು ಪೂರ್ತಿಯಾಗಿ ವೆಲ್ಡರ್ ಒಬ್ಬನದೇ ತಲೆಯಿಂದ ಬಂದದ್ದು. ದಯಮಾಡಿ ನನ್ನ ಹೆಸರನ್ನು ಇದರ ಜತೆ ಎಲ್ಲಿಯೂ ಸೇರಿಸಕೂಡದು.’ ಬೆಳಿಗ್ಗೆ ಓದಿ ನನಗೆ ಎಷ್ಟು ಸಂತೋಷ ಆಯ್ತು ಗೊತ್ತಾ? ಇನ್ನೊಬ್ಬರ ಕೆಲಸಕ್ಕೆ ತಾನು ಹೆಸರು ತಗೊಳ್ಳಲ್ಲ ಅನ್ನೋ ಪ್ರಾಮಾಣಿಕರು ಈ ಕಾಲದಲ್ಲೂ ಇದ್ದಾರಲ್ಲ ಅಂತ ಅಂದ್ಕೊಂಡೆ. ಈಗ ನೋಡಿದ್ರೆ ಹೀಗೆ ಮಾತಾಡ್ತೀರಾ? ಬೋರ್ಡು ಕೆಡಿಸಿದ್ದೂ ನೀವೇ ಇರಬೇಕು.”

ಹೌದು ಹೌದು ಎಂದು ಹತ್ತು ಕೈಗಳು ಏಣಿಯತ್ತ ಮೇಲೆದ್ದವು.

ಬೋರ್ಡಣ್ಣ ಭಾವಮೈದುನನ ಕಡೆ ನೋಡಿದ. ಭಾವಮೈದುನ ಆಕಾಶದ ಕಡೆ ನೋಡಿದ.

“ಇರಲಿ ಬಿಡಿ,” ಎಂದರು ಮೇಡಂ. “ಮೊದಲು ಫೋಟೋದಲ್ಲಿ ಹೇಗಿತ್ತೋ ಹಾಗೆ ಮಾಡಿ. ಅಲ್ಲಿವರೆಗೂ ನಾನು ರಿಬ್ಬನ್ ಕತ್ತರಿಸಲ್ಲ.”

ವೆಲ್ಡರನನ್ನು ಪತ್ರಿಕೆಯವರು ಮಾತಾಡಿಸಲು ಕರೆದೊಯ್ದಿದ್ದರಿಂದ ಏಣಿಯ ಮೇಲೆ ಉಳಿದವನು ಬೋರ್ಡಣ್ಣ ಒಬ್ಬನೇ. ವೆಲ್ಡರನ ಅಂಗಡಿಯಿಂದ ಬಂದ ಇನ್ನೊಬ್ಬ ಕೆಲಸಗಾರ ಬೆಸುಗೆ ಬಿಡಿಸಿದ. ಕೆಳಗೆ ಹತ್ತು ಜನ ಹಗ್ಗ ಎಳೆದರು. ಬೋರ್ಡಣ್ಣ ತನ್ನ ಹೆಗಲು ಕೊಟ್ಟು, ಹಲ್ಲು ಕಚ್ಚಿಕೊಂಡು, ತನ್ನದೇ ಅಕ್ಷರಗಳನ್ನು ಒಂದೊಂದಾಗಿ ನೆಟ್ಟಗೆ ನಿಲ್ಲಿಸಿದ. ಬಲತುದಿ ಐದಡಿ ಮೇಲೇರಿ ಸೂರಿನ ಹತ್ತಿರ ಹೋಗಿ ನಿಂತಾಗ ಚಪ್ಪಾಳೆಯೋ ಚಪ್ಪಾಳೆ. ಅಷ್ಟರಲ್ಲಿ ಗಂಡನಿಗೆಂದು ಇಸ್ತ್ರಿ ಮಾಡಿದ ಅಂಗಿ ಹಿಡಿದುಕೊಂಡು ಹೆಂಡತಿ ಬಂದಳು. ಗೋಡೆ ನೋಡಿದಳು, ಗಂಡನ ಪ್ಯಾಂಟು ನೋಡಿದಳು.

“ರೀ, ಬೆಳಿಗ್ಗೆ ನಾನು ತರಕಾರಿಗೆ ಹೋಗುವಾಗಲೂ ಇದು ಹೀಗೇ ಇತ್ತಲ್ಲ? ಇಡೀ ದಿನ ನೀವು ಇಲ್ಲಿ ಏನು ಮಾಡಿದ್ರಿ?”

ಬೋರ್ಡಣ್ಣ ಏಣಿ ಇಳಿದು, ಆ ಅಂಗಿಯನ್ನು ಹರಿದ ಪ್ಯಾಂಟಿಗೆ ಅಡ್ಡ ಹಿಡಿದುಕೊಂಡ.

ರಿಬ್ಬನ್ ಕತ್ತರಿಸಿ ಆಯಿತು. ಭಾಷಣಗಳಾದವು. ಕೊನೆಗೆ ಮೇಡಂ ಗೋಡೆಯ ಕೆಳಮೂಲೆಯತ್ತ ಕೈ ತೋರಿಸಿ, ಇಂಥ ಕೆಲಸ ಮಾಡಿದವರ ಹೆಸರು ಅಲ್ಲಿ ಕಾಣಬೇಕು, ಇಲ್ಲಿ ಮಾತ್ರ ಅಲ್ಲ, ಹನ್ನೆರಡು ಮೈದಾನದಲ್ಲೂ ಕಾಣಬೇಕು, ಬರೆಯೋರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು.

“ಯಾಕಿಲ್ಲ ಮೇಡಂ!” ಎಂದರು ಮೇಷ್ಟ್ರು. “ನಮ್ಮ ಬೋರ್ಡಪ್ಪ ಇಲ್ಲೇ ಇದ್ದಾನಲ್ಲ.”

ಕುಂಚ ಬಂತು, ಬಣ್ಣದ ಡಬ್ಬಿ ಬಂತು. ಹದಿನೈದು ವರ್ಷದ ಒಡನಾಟದಲ್ಲಿ ಬೋರ್ಡಣ್ಣನಿಗೆ ವೆಲ್ಡರನ ಪೂರ್ತಿ ಹೆಸರು ಗೊತ್ತಾದದ್ದು ಅವತ್ತೇ. ಅಪ್ಪನ ಹೆಸರು, ಅಜ್ಜನ ಹೆಸರು ಎಲ್ಲ ಸೇರಿ ಎರಡು ಸಾಲು ಉದ್ದವಿತ್ತು. ಬೋರ್ಡಣ್ಣ ಹರಿದ ಪ್ಯಾಂಟಿನಲ್ಲೇ ಮಂಡಿಯೂರಿ ಕೂತು ‘ವಿನ್ಯಾಸ’ ಎಂದು ಶುರುಮಾಡಲು ಕುಂಚ ಅದ್ದಿದ. ಕೈ ತಾನಾಗಿಯೇ ಸ್ವಲ್ಪ ಬಲಕ್ಕೆ ವಾಲಿತು.

ಹಿಂದೆ ನಿಂತಿದ್ದ ಮೇಷ್ಟ್ರು ಕೆಮ್ಮಿದರು.

“ನೆಟ್ಟಗೆ ಬರಿಯಪ್ಪ.”

ಬೋರ್ಡಣ್ಣ ನೆಟ್ಟಗೆ ಬರೆದ.